ನೋಡಿದ್ದೋ, ಓದಿದ್ದೋ, ಕೇಳಿದ್ದೋ?

ಎಂಎ ಇತಿಹಾಸದ ಕೊನೆಯ ಸೆಮಿಸ್ಟರ್‌ಗೆ ಕಿರುಪ್ರಬಂಧ ಬರೆಯಬೇಕಿತ್ತು. ನಾನು ವಿಜಯಪುರದವಳು, ಆದಿಲ್‌ಶಾಹಿ ಕಾಲದ ದೊಡ್ಡ ಬಾವಿ ತಾಜ್ ಬಾವಡಿ ನಮ್ಮನೆಯಿಂದ ಹತ್ತು ನಿಮಿಷದ ದಾರಿ. ಅದನ್ನೇ ವಿಷಯ ಮಾಡಿಕೊಂಡೆ. ಮೊದಲ ಅಧ್ಯಾಯ ನಾಲ್ಕೇ ದಿನದಲ್ಲಿ ಮುಗಿಯಿತು. ಮಾರ್ಗದರ್ಶಕರು ಎರಡು ಪುಟ ಓದಿ, ಪೆನ್ಸಿಲ್ ಕೆಳಗಿಟ್ಟು ಕೇಳಿದರು: "ಇದು ನೀ ನೋಡಿದ್ದೋ, ಓದಿದ್ದೋ, ಯಾರರೆ ಹೇಳಿದ್ದೋ?"

ನನ್ನ ಬಾಯಿಂದ ಮಾತೇ ಬರಲಿಲ್ಲ. ಅರ್ಧಕ್ಕಿಂತ ಜಾಸ್ತಿ ಇಂಟರ್ನೆಟ್‌ನಿಂದ ಎತ್ತಿದ್ದು. ಎಲ್ಲಿಂದ ಅಂತ ಬರೆದಿಟ್ಟುಕೊಂಡಿರಲಿಲ್ಲ.

ಅವತ್ತು ಸಂಜೆ ಹೊಸ ನೋಟ್‌ಬುಕ್ ತಂದೆ. ಪ್ರತಿ ಟಿಪ್ಪಣಿಯ ಪಕ್ಕ ಒಂದು ಅಕ್ಷರ: ನೋ, ಓ, ಇಲ್ಲವೇ ಕೇ. ಓ ಇದ್ದರೆ ಪುಸ್ತಕ, ವರ್ಷ, ಪುಟ. ಕೇ ಇದ್ದರೆ ಯಾರು, ಯಾವ ದಿನ.

ಮೊದಲು ನೋ. ಬಾವಡಿಯ ಕಮಾನಿನ ಎರಡೂ ಬದಿ ದುಂಡನೆಯ ಗೋಪುರಗಳಿವೆ ಎಂದು ಬರೆದಿದ್ದೆ. ಚಿಕ್ಕಂದಿನಿಂದ ನೋಡಿದ್ದಲ್ವಾ, ಹೋಗಿ ನೋಡುವುದೇನಿದೆ ಅನಿಸಿತ್ತು. ಹೋಗಿ ನಿಂತು ಎಣಿಸಿದೆ. ಅವು ಎಂಟು ಮುಖದವು! ಇಪ್ಪತ್ತು ವರ್ಷ ಅದರ ಮುಂದೆ ಓಡಾಡಿದವಳಿಗೆ ಅದು ಕಂಡಿರಲಿಲ್ಲ. ಅಂದಿನಿಂದ ಬರೆಯುವ ಮೊದಲು ಹೋಗಿ ನೋಡುವುದು ರೂಢಿಯಾಯಿತು.

ಓ ಕೆಲಸ ನಿಧಾನ. ಬಾವಡಿಯನ್ನು 1620ರಲ್ಲಿ ಆದಿಲ್‌ಶಾಹಿ ಆಸ್ಥಾನದ ವಾಸ್ತುಶಿಲ್ಪಿ ಮಲಿಕ್ ಸಂದಲ್, ರಾಣಿ ತಾಜ್ ಸುಲ್ತಾನಾ ಹೆಸರಿನಲ್ಲಿ ಕಟ್ಟಿಸಿದ ಎಂದು ಐದು ಕಡೆ ಸಿಕ್ಕಿತು. ಐದು ಸಾಕ್ಷಿ ಅಂದುಕೊಂಡೆ. ಸಾಲುಗಳನ್ನು ಪಕ್ಕಪಕ್ಕ ಇಟ್ಟಾಗ ಪದಪದವೂ ಒಂದೇ. ಒಬ್ಬರು ಬರೆದದ್ದನ್ನು ನಾಲ್ವರು ನಕಲು ಮಾಡಿದ್ದರು, ಅಂದರೆ ಸಾಕ್ಷಿ ಒಂದೇ. ಆಮೇಲೆ ಹಳೆಯ ಪುಸ್ತಕಗಳಿಗೆ ಇಳಿದೆ. 1884ರ ಮುಂಬೈ ಪ್ರಾಂತ್ಯದ ಗ್ಯಾಜೆಟಿಯರ್, ಪುರಾತತ್ವ ಇಲಾಖೆಯಲ್ಲಿದ್ದ ಹೆನ್ರಿ ಕಸಿನ್ಸ್ ಬಿಜಾಪುರದ ಕಟ್ಟಡಗಳ ಬಗ್ಗೆ 1916ರಲ್ಲಿ ತಂದ ಪುಸ್ತಕ, ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಇಡುವ ಶೋಧಗಂಗಾ ಜಾಲತಾಣದಲ್ಲಿರುವ ಪಿಎಚ್‌ಡಿ ಪ್ರಬಂಧಗಳು. ಪ್ರಬಂಧ ಸಿಕ್ಕರೆ ನಾನು ಮೊದಲು ತೆರೆಯುವುದು ಕೊನೆಯ ಗ್ರಂಥಸೂಚಿ. ಮುಂದೆ ಏನು ಓದಬೇಕು ಅನ್ನುವುದು ಅಲ್ಲೇ ಇರುತ್ತದೆ.

ಹುಡುಕುವ ಪದದಲ್ಲೂ ಎಡವಿದೆ. ವಿಜಯಪುರ ಎಂದು ಹಾಕಿದರೆ ಹಳೆಯದು ಏನೂ ಬರುವುದಿಲ್ಲ, ಆ ಹೆಸರು ಅಧಿಕೃತವಾದದ್ದು 2014ರ ನವೆಂಬರ್ 1ಕ್ಕೆ. ಬಿಜಾಪುರ ಎಂದು ಹಾಕಬೇಕು, ಮರಾಠಿಯಲ್ಲಾದರೆ ವಿಜಾಪುರ. ಬ್ರಿಟಿಷರ ಕಾಲದ ಕಾಗದಗಳಿಗೆ ಕಲಾದಗಿ ಎಂದೂ ಹುಡುಕಬೇಕು. 1885ರವರೆಗೆ ಜಿಲ್ಲಾ ಕೇಂದ್ರ ಅಲ್ಲಿತ್ತು. ಇದು ತಿಳಿಯದೆ ಒಂದು ತಿಂಗಳು ಸುಮ್ನೆ ಕಳೆಯಿತು.

ಬರೆಯುವಾಗ ಮೊದಲ ಸಾಲನ್ನೇ ಹೊಡೆದು ಹಾಕಿದೆ. "ವಿಜಯಪುರದ ಭವ್ಯ ಇತಿಹಾಸದಲ್ಲಿ ತಾಜ್ ಬಾವಡಿಯು ಮಹತ್ವದ ಸ್ಥಾನ ಪಡೆದಿದೆ" ಎಂದಿತ್ತು. ಪಕ್ಕದಲ್ಲಿ ನೋ, ಓ, ಕೇ ಯಾವುದನ್ನೂ ಬರೆಯಲು ಆಗಲಿಲ್ಲ. ಅದರ ಬದಲು ಗೋಪುರದ ಎಂಟು ಮುಖದಿಂದ ಶುರು ಮಾಡಿದೆ. ಮಲಿಕ್ ಸಂದಲ್ ಬಗ್ಗೆ ಊರಲ್ಲಿ ಹೇಳುವ ಕಥೆಗಳನ್ನು ಬಿಡಲಿಲ್ಲ, ಆದರೆ ಕಥೆ ಎಂದೇ ಬರೆದೆ.

ಬಾವಡಿ ಓಣಿಯ ಒಬ್ಬ ಅಜ್ಜ ಅಲ್ಲೇ ಈಜು ಕಲಿತದ್ದನ್ನು ಹೇಳಿದ್ದರು. ಅವರ ಒಪ್ಪಿಗೆ ಪಡೆದು, ಹೆಸರು, ವಯಸ್ಸು, ತಾರೀಖಿನ ಸಮೇತ ಅದನ್ನೂ ಸೇರಿಸಿದೆ. ಬೈಂಡ್ ಆದ ಮೇಲೆ ಪ್ರತಿ ತೋರಿಸಲು ಹೋದಾಗ, ಆ ಪುಟವನ್ನು ಎರಡು ಸಲ ಓದಿಸಿ ಕೇಳಿದರು.