ಮನೆಯ ಕಂಪ್ಯೂಟರ್‌ನಲ್ಲಿ ಟ್ರೋಜನ್ ಪತ್ತೆಯಾದಾಗ ಏನು ಮಾಡಬೇಕು?

ಟ್ರೋಜನ್ (ಒಳ್ಳೆಯ ಪ್ರೋಗ್ರಾಂನಂತೆ ಸೋಗುಹಾಕಿ ಒಳಬರುವ ಹಾನಿಕಾರಕ ಸಾಫ್ಟ್‌ವೇರ್) ಪತ್ತೆಯಾಗಿದೆ ಎಂದು ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಆದ ವಿಂಡೋಸ್ ಡಿಫೆಂಡರ್ ತೋರಿಸಿದ ಕೂಡಲೇ ಹೆಚ್ಚಿನವರು 'ರಿಮೂವ್' ಒತ್ತಿ ಸುಮ್ಮನಾಗುತ್ತಾರೆ. ಫೈಲೇನೋ ಹೋಗಿರುತ್ತದೆ, ಅಷ್ಟರೊಳಗೆ ಅದು ಒಮ್ಮೆಯಾದರೂ ಚಾಲೂ ಆಗಿತ್ತೇ ಎಂಬುದು ಮುಖ್ಯ ಪ್ರಶ್ನೆ. ಮೊದಲು ವೈಫೈ ಆಫ್ ಮಾಡಿ, ಬ್ಯಾಕಪ್ ಇಟ್ಟಿರುವ ಹಾರ್ಡ್‌ಡಿಸ್ಕ್ ಅಥವಾ ಪೆನ್‌ಡ್ರೈವ್ ಜೋಡಿಸಿದ್ದರೆ ತೆಗೆದುಬಿಡಿ. ಎಚ್ಚರಿಕೆಯು ಬ್ರೌಸರ್ ಒಳಗೆ ಬಂದಿದ್ದು, ಅದರಲ್ಲಿ ಕರೆ ಮಾಡಲು ಫೋನ್ ನಂಬರ್ ಇದ್ದರೆ ಅದು ಮೋಸ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ.

ಬಳಿಕ ವಿಂಡೋಸ್ ಸೆಕ್ಯುರಿಟಿಯಲ್ಲಿ 'ಪ್ರೊಟೆಕ್ಷನ್ ಹಿಸ್ಟರಿ' ತೆರೆದು, ಪತ್ತೆಯಾದ ಟ್ರೋಜನ್ನಿನ ಹೆಸರನ್ನೂ ಫೈಲು ಇದ್ದ ಜಾಗವನ್ನೂ ಬರೆದಿಟ್ಟುಕೊಳ್ಳಿ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ, ತೆರೆಯದೆ ಬಿದ್ದಿದ್ದ ಜಿಪ್ ಫೈಲಿನೊಳಗೆ ಸಿಕ್ಕಿದ್ದರೆ ಹೆಚ್ಚಿನ ಹಾನಿ ಆಗಿರಲಾರದು. ಆದರೆ ನೀವು ಎಂದೂ ಕೈಯಿಡದ ಆ್ಯಪ್‌ಡೇಟಾ (ಪ್ರೋಗ್ರಾಂಗಳು ತಮ್ಮ ಮಾಹಿತಿ ಇಟ್ಟುಕೊಳ್ಳುವ ಜಾಗ) ಅಥವಾ ಸ್ಟಾರ್ಟ್‌ಅಪ್ (ಕಂಪ್ಯೂಟರ್ ಏಳುವಾಗ ತಾನಾಗಿ ಚಾಲೂ ಆಗುವವುಗಳ ಜಾಗ) ಫೋಲ್ಡರಿನಲ್ಲಿ ಸಿಕ್ಕಿದ್ದರೆ, ಯಾವುದೋ ಪ್ರೋಗ್ರಾಂ ಚಾಲೂ ಆಗಿ ಅದನ್ನು ಅಲ್ಲಿ ತಂದಿಟ್ಟಿದೆ ಎಂದೇ ಭಾವಿಸಬೇಕು. ಹೆಸರಿನ ಕೊನೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆಯೂ ಇಂಗ್ಲಿಷಿನ ಎಂ, ಎಲ್ ಅಕ್ಷರಗಳೂ ಇದ್ದರೆ, ಅದು ಯಂತ್ರಕಲಿಕೆಯ ಮಾದರಿಯೊಂದು ಮಾಡಿದ ಅಂದಾಜು. ಅಂಥವು ಆಗಾಗ ತಪ್ಪಾಗುವುದೂ ಉಂಟು, ಆದರೂ ಕ್ರ್ಯಾಕ್ ಮಾಡಿದ, ಅಂದರೆ ಹಣ ಕೊಡದೆ ಬಳಸಲು ಬೀಗ ಮುರಿದ, ಸಾಫ್ಟ್‌ವೇರ್ ವಿಷಯದಲ್ಲಿ ಎಚ್ಚರಿಕೆಯೇ ತಪ್ಪಿರಬಹುದು ಎಂದುಕೊಳ್ಳಬೇಕಾಗಿಲ್ಲ.

ಈಗ 'ಸ್ಕ್ಯಾನ್ ಆಪ್ಷನ್ಸ್'ನಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿಕೊಳ್ಳಿ. ಕಂಪ್ಯೂಟರ್ ರೀಸ್ಟಾರ್ಟ್ ಆಗುವುದರಿಂದ ತೆರೆದ ಕಡತಗಳನ್ನು ಮೊದಲೇ ಸೇವ್ ಮಾಡಿರಬೇಕು. ವಿಂಡೋಸ್ ಪೂರ್ತಿ ಏಳುವ ಮೊದಲೇ ನಡೆಯುವ ಈ ತಪಾಸಣೆಗೆ ಸುಮಾರು 15 ನಿಮಿಷ ಹಿಡಿಯುತ್ತದೆ, ಮತ್ತು ಆ ಹೊತ್ತಿನಲ್ಲಿ ಟ್ರೋಜನ್‌ಗೆ ಅಡಗಿಕೊಳ್ಳುವುದು ಕಷ್ಟ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಉಚಿತವಾಗಿ ಸಿಗುತ್ತದೆ. ಡೌನ್‌ಲೋಡ್ ಮಾಡಿದ 10 ದಿನಗಳ ನಂತರ ಅದು ಕೆಲಸ ಮಾಡುವುದಿಲ್ಲ. ಡಿಫೆಂಡರ್‌ನ 'ಎಕ್ಸ್‌ಕ್ಲೂಷನ್ಸ್' ಪಟ್ಟಿಯನ್ನು ಮರೆಯದೆ ನೋಡಿ. ತಾನಿರುವ ಫೋಲ್ಡರನ್ನು ತಪಾಸಣೆಯಿಂದ ಹೊರಗಿಡುವಂತೆ ಟ್ರೋಜನ್ನೇ ಅಲ್ಲಿ ಸೇರಿಸಿರಬಹುದು. ಕ್ರ್ಯಾಕ್ ಹಾಕುವಾಗ ಅದರ ಸೂಚನೆಯಂತೆ ನೀವೇ ಸೇರಿಸಿರಲೂಬಹುದು. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪಟ್ಟಿ, ನಿಗದಿತ ಹೊತ್ತಿಗೆ ಪ್ರೋಗ್ರಾಂಗಳನ್ನು ಚಾಲೂ ಮಾಡುವ ಟಾಸ್ಕ್ ಶೆಡ್ಯೂಲರ್, ಬ್ರೌಸರ್ ಎಕ್ಸ್‌ಟೆನ್ಷನ್‌ಗಳ ಮೇಲೂ ಕಣ್ಣಾಡಿಸಿ.

ಟ್ರೋಜನ್ ಚಾಲೂ ಆಗಿತ್ತು ಎಂಬ ಅನುಮಾನವಿದ್ದರೆ ಪಾಸ್‌ವರ್ಡ್‌ಗಳನ್ನು ಬದಲಿಸಲೇಬೇಕು, ಆದರೆ ಇದೇ ಕಂಪ್ಯೂಟರ್‌ನಿಂದಲ್ಲ, ಮೊಬೈಲಿನಿಂದಲೋ ಬೇರೆ ಕಂಪ್ಯೂಟರ್‌ನಿಂದಲೋ. ಇಮೇಲ್ ಮೊದಲು, ಏಕೆಂದರೆ ಉಳಿದ ಖಾತೆಗಳನ್ನು ರೀಸೆಟ್ ಮಾಡುವ ಲಿಂಕುಗಳು ಬರುವುದು ಅಲ್ಲಿಗೇ, ನಂತರ ಬ್ಯಾಂಕು. ಮಾಹಿತಿ ಕದಿಯುವ ಟ್ರೋಜನ್‌ಗಳು ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಜೊತೆಗೆ ಲಾಗಿನ್ ಕುಕೀಗಳನ್ನೂ (ನೀವು ಈಗಾಗಲೇ ಲಾಗಿನ್ ಆಗಿದ್ದೀರಿ ಎಂದು ತಾಣಕ್ಕೆ ತಿಳಿಸುವ ಗುರುತುಗಳು) ಒಯ್ಯುತ್ತವೆ. ಆ ಕುಕೀ ಕೈಯಲ್ಲಿದ್ದವನಿಗೆ ಒಟಿಪಿಯ ಅಗತ್ಯವೇ ಬೀಳದಿರಬಹುದು. ಹಾಗಾಗಿ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡುವ ಆಯ್ಕೆಯನ್ನೂ ಒತ್ತಿ. ಹಣ ಹೋಗಿರುವುದು ಕಂಡರೆ ತಡಮಾಡದೆ ಬ್ಯಾಂಕಿಗೂ ಸೈಬರ್ ವಂಚನೆಯ 1930 ಸಹಾಯವಾಣಿಗೂ ತಿಳಿಸಿ.

ತೆಗೆದ ಟ್ರೋಜನ್ ಮರಳಿ ಬರುತ್ತಿದ್ದರೆ, ಅಥವಾ ಡಿಫೆಂಡರ್ ತನ್ನಷ್ಟಕ್ಕೆ ಆಫ್ ಆಗುತ್ತಿದ್ದರೆ, ಹುಡುಕಾಟ ನಿಲ್ಲಿಸಿ ವಿಂಡೋಸ್ ಅನ್ನು ಹೊಸದಾಗಿ ಹಾಕುವುದೇ ಲೇಸು. ಅದಕ್ಕೆ ಬೇಕಾದ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರ್‌ನಲ್ಲಿ, ಮೈಕ್ರೋಸಾಫ್ಟ್ ತಾಣದಿಂದಲೇ ಸಿದ್ಧಪಡಿಸಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಯಂತ್ರ ಒಗ್ಗಿದರೆ ವಿಂಡೋಸ್ 11 ಹಾಕಿಕೊಳ್ಳಿ. ಹಳೆಯ ಡಿಸ್ಕಿನಿಂದ ಫೋಟೊ, ದಾಖಲೆಗಳನ್ನಷ್ಟೇ ಉಳಿಸಿಕೊಂಡು, ಸೆಟಪ್ ಫೈಲುಗಳನ್ನು ಅಲ್ಲೇ ಬಿಟ್ಟುಬಿಡಿ.