ಜಿಮ್ ಗೋಡೆ ಬಿಟ್ಟು ಹಂಪಿಯ ಬಂಡೆಗೆ ಯಾಕೆ ಹೋಗುತ್ತೇನೆ

ಬೆಂಗಳೂರಿನ ಕ್ಲೈಂಬಿಂಗ್ ಜಿಮ್‌ನಲ್ಲಿ ಹೊಸಬರು ಯಾರೇ ಪರಿಚಯವಾದರೂ ಸ್ವಲ್ಪ ದಿನಕ್ಕೆ ಈ ಪ್ರಶ್ನೆ ಬಂದೇ ಬರುತ್ತದೆ. ಆಫೀಸ್ ಮುಗಿಸಿ ಬಂದರೆ ಹತ್ತಲು ಗೋಡೆ ರೆಡಿ ಇರುತ್ತದೆ, ಕೆಳಗೆ ದಪ್ಪ ಮ್ಯಾಟ್ ಇರುತ್ತದೆ, ತಲೆ ಮೇಲೆ ಫ್ಯಾನ್ ಇರುತ್ತದೆ. ಇದೆಲ್ಲ ಬಿಟ್ಟು ರಾತ್ರಿಯಿಡೀ ರೈಲಿನಲ್ಲಿ ಕೂತು ಹಂಪಿಗೆ ಹೋಗಬೇಕಾ? ಕೈಗೆ ಬಲ ಬರಲಿ ಅನ್ನುವುದಷ್ಟೇ ಆಸೆಯಾದರೆ ಹೋಗಬೇಡಿ ಅಂತಲೇ ಹೇಳುತ್ತೇನೆ. ಜಿಮ್‌ನಲ್ಲಿ ಒಂದು ಸಂಜೆಗೆ ಹತ್ತುವಷ್ಟನ್ನು ಅಲ್ಲಿ ಎರಡು ದಿನವಾದರೂ ಹತ್ತಲು ಆಗುವುದಿಲ್ಲ. ನಾನು ಹೋಗುವುದು ಕೈಗಲ್ಲ, ಕಾಲಿಗೆ.

ಬೌಲ್ಡರಿಂಗ್ ಅಂದರೆ ಹಗ್ಗ ಇಲ್ಲದೆ, ಬಿದ್ದರೂ ಪ್ಯಾಡ್ ಮೇಲೆ, ಅಂದರೆ ಕೆಳಗೆ ಹಾಸಿಕೊಳ್ಳುವ ದಪ್ಪ ಹಾಸಿನ ಮೇಲೆ, ಬೀಳುವಷ್ಟೇ ಎತ್ತರದ ಬಂಡೆ ಹತ್ತುವುದು. ಜಿಮ್‌ನಲ್ಲಿ ಎಲ್ಲಿ ಕೈ ಇಡಬೇಕು, ಎಲ್ಲಿ ಕಾಲಿಡಬೇಕು ಅಂತ ಗೋಡೆಗೆ ಸಿಕ್ಕಿಸಿದ ಪ್ಲಾಸ್ಟಿಕ್ ಹಿಡಿಕೆಗಳ ಬಣ್ಣವೇ ಹೇಳಿಬಿಡುತ್ತದೆ. ಹಂಪಿಯ ಬಂಡೆಯ ಮುಂದೆ ನಿಂತರೆ ಮೊದಲ ಹತ್ತು ನಿಮಿಷ ಏನೂ ಕಾಣುವುದಿಲ್ಲ. ಕಾಲಿಡುವ ಜಾಗ ಅಂದರೆ ಅಕ್ಕಿ ಕಾಳಿನ ಗಾತ್ರದ ಒಂದು ಹರಳು, ಅಷ್ಟೇ. ಅದರ ಮೇಲೆ ಶೂ ತುದಿ ಇಟ್ಟು, ಹಿಮ್ಮಡಿ ತಗ್ಗಿಸಿ, ಪೂರ್ತಿ ಭಾರ ಹಾಕಬೇಕು. ಹೆದರಿ ಅರ್ಧ ಭಾರ ಹಾಕಿದರೆ ಜಾರುತ್ತದೆ, ಪೂರ್ತಿ ಹಾಕಿದರೆ ನಿಲ್ಲುತ್ತದೆ. ಇದನ್ನು ಪ್ಲಾಸ್ಟಿಕ್ ಗೋಡೆ ಕಲಿಸುವುದಿಲ್ಲ. ಬೌಲ್ಡರಿಂಗ್‌ನಲ್ಲಿ ಕಷ್ಟವನ್ನು ವಿ ಅಂಕೆಯಲ್ಲಿ ಅಳೆಯುತ್ತಾರೆ, ಅಂಕೆ ಏರಿದಷ್ಟೂ ಕಷ್ಟ. ಜಿಮ್‌ನಲ್ಲಿ ವಿ 4 ಸಲೀಸಾಗಿ ಹತ್ತುವವರು ಇಲ್ಲಿ ವಿ 1ರಲ್ಲಿ ಒದ್ದಾಡುವುದನ್ನು ನೋಡಿದ್ದೇನೆ. ನಾನೂ ಒದ್ದಾಡಿದವನೇ.

ಇನ್ನೊಂದು ಪಾಠ ಬಂಡೆಯ ತುದಿಯಲ್ಲಿದೆ. ಈ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ. ನೆಲದೊಳಗಿದ್ದಾಗಲೇ ಅದರ ಬಿರುಕುಗಳಿಗೆ ನೀರಿಳಿದು, ಮೂಲೆಗಳೆಲ್ಲ ಸವೆದವು. ಆಮೇಲೆ ಮೇಲಿನ ಮಣ್ಣು ಕೊಚ್ಚಿಹೋಗಿ ಗುಂಡುಬಂಡೆಗಳು ಹೊರಬಂದವು. ಅದಕ್ಕೇ ಎಲ್ಲದರ ನೆತ್ತಿಯೂ ಬೋಳು, ಉರುಟು. ಹತ್ತುವವನಿಗೆ ಇದರರ್ಥ ಇಷ್ಟೇ: ಅತಿ ಎತ್ತರದ ಜಾಗದಲ್ಲಿ, ಕೈ ಸೋತಿರುವಾಗ, ಹಿಡಿಯಲು ಏನೂ ಇರುವುದಿಲ್ಲ. ಅಂಗೈ ಒತ್ತಿ, ಈಜುಕೊಳದಿಂದ ದಡಕ್ಕೆ ಏರುವ ಹಾಗೆ ಮೈ ಎತ್ತಿ, ಒಂದು ಕಾಲನ್ನು ಮೇಲಿಟ್ಟು ನಿಲ್ಲಬೇಕು. ಇದಕ್ಕೆ ಮ್ಯಾಂಟಲ್ ಅನ್ನುತ್ತಾರೆ. ಹೊಸಬರನ್ನು ಕರೆದುಕೊಂಡು ಹೋದರೆ ಮೊದಲ ಬೆಳಿಗ್ಗೆ ಎದೆಯೆತ್ತರದ ಗುಂಡುಗಳ ಮೇಲೆ ಬರೀ ಇದನ್ನೇ ಮಾಡಿಸುತ್ತೇನೆ. ಬೇಜಾರು ಮಾಡಿಕೊಳ್ಳುತ್ತಾರೆ. ಸಂಜೆ ಹೊತ್ತಿಗೆ ಅರ್ಥವಾಗಿರುತ್ತದೆ.

ಇನ್ನು ಕಷ್ಟದ ವಿಷಯ. ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಅಲ್ಲಿಂದ ಆಟೋ ಹಿಡಿದು ತುಂಗಭದ್ರೆಯ ಆಚೆ, ಸಾಣಾಪುರದ ಕಡೆಗೆ. ಮೊದಲೆಲ್ಲ ಹೊಳೆ ನಡುವಿನ ವಿರೂಪಾಪುರ ಗಡ್ಡೆಯಲ್ಲೇ ಉಳಿದುಕೊಳ್ಳುತ್ತಿದ್ದೆವು, ಬಾಗಿಲು ತೆಗೆದರೆ ಬಂಡೆ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಅಲ್ಲಿನ ರೆಸಾರ್ಟ್‌ಗಳನ್ನು ಕೆಡವಿದರು. ಈಗ ಸಾಣಾಪುರ, ಆನೆಗೊಂದಿ ಕಡೆ ಉಳಿಯಬೇಕು. ಪ್ಯಾಡ್ ಅಲ್ಲೇ ಬಾಡಿಗೆಗೆ ಸಿಗುತ್ತದೆ. ರೈಲಿನಲ್ಲಿ ಅದನ್ನು ಸಾಗಿಸಲು ಹೋಗಬೇಡಿ, ಬರ್ತ್ ಪ್ಯಾಡಿಗೆ ಹೋಗಿ ನೀವು ಕೂತೇ ಇರಬೇಕಾಗುತ್ತದೆ.

ಹತ್ತಲು ಸಿಗುವ ಹೊತ್ತೂ ಕಡಿಮೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ಹವೆ ಸರಿ. ಆಗಲೂ ಬೆಳಗಿನ ಜಾವ ಒಂದಷ್ಟು ಹೊತ್ತು, ಸಂಜೆ ಒಂದಷ್ಟು ಹೊತ್ತು. ಬಂಡೆ ತಣ್ಣಗೆ ಒಣಗಿದ್ದರೆ ಶೂ ರಬ್ಬರ್ ಕಚ್ಚಿ ಹಿಡಿಯುತ್ತದೆ. ಬಿಸಿಲೇರಿದರೆ ಬೆರಳು ಬೆವರಿ, ಬೆವರು ಹೀರುವ ಬಿಳಿ ಪುಡಿ ಚಾಕ್ ಎಷ್ಟು ಹಚ್ಚಿದರೂ ಜಾರುವುದೇ. ಮಧ್ಯಾಹ್ನ ಸುಮ್ನೆ ಮಲಗಬೇಕು. ಮತ್ತೆ ಚರ್ಮ. ಹರಳುಗಳು ಬೆರಳ ತುದಿಯನ್ನು ಎರಡನೇ ದಿನಕ್ಕೇ ಗುಲಾಬಿ ಮಾಡಿಬಿಡುತ್ತವೆ. ತೋಳಿನಲ್ಲಿ ಬಲ ಇರುತ್ತದೆ, ಹಿಡಿಯಲು ಬೆರಳಿರುವುದಿಲ್ಲ! ಅದಕ್ಕೆ ಒಂದೇ ಬಂಡೆಗೆ ಅಂಟಿಕೊಂಡು ಹಟ ಮಾಡುವುದನ್ನು ಬಿಟ್ಟೆ. ಹತ್ತುವ ಮೊದಲು ನೆಲದಲ್ಲಿ ನಿಂತೇ ಜಾಸ್ತಿ ನೋಡುತ್ತೇನೆ. ಒಂದು ಸಲ ಹತ್ತಿ, ಐದು ನಿಮಿಷ ಕೂತು, ಎಲ್ಲಿ ಕಾಲು ತಪ್ಪಿತು ಅಂತ ಯೋಚಿಸಿ ಮತ್ತೆ ಹತ್ತುತ್ತೇನೆ. ಜಿಮ್‌ನಲ್ಲಿ ಎಂದೂ ಹೀಗೆ ಮಾಡಿದವನಲ್ಲ.

ಒಂದು ಬೆಳಿಗ್ಗೆ ಪ್ಯಾಡ್ ಬೆನ್ನಿಗೇರಿಸಿಕೊಂಡು ಹೋಗುತ್ತಿದ್ದಾಗ ಕುರಿ ಕಾಯುತ್ತಿದ್ದ ಅಜ್ಜ ತಡೆದರು. “ಏನ್ ತಮ್ಮಾ, ಹಾಸಿಗಿ ಹೊತ್ಕೊಂಡು ಎಲ್ಲಿಗ್ ಹೊಂಟೀರಿ?” ಆ ಗುಂಡು ಹತ್ತೋಕೆ ಅಜ್ಜಾ ಅಂದೆ. “ಹಿಂದಿಂದ ದಾರಿ ಐತಲ್ಲ, ನಡಕೊಂಡೇ ಹೋಗಬಹುದು” ಅಂದರು. ಮುಂದಿನಿಂದಲೇ ಹತ್ತಬೇಕು ಅಂದಾಗ ಒಂದು ಗಳಿಗೆ ನನ್ನನ್ನೇ ನೋಡಿದರು. “ಹತ್ರಿ ಹಂಗಾರ. ಆದ್ರ ಅದರ ಬಾಜೂದಕ್ಕ ಹೋಗಬ್ಯಾಡ್ರಿ, ಹೆಜ್ಜೇನು ಅದಾವು.” ನಿಜಕ್ಕೂ ಇದ್ದವು. ಚಾಚಿಕೊಂಡ ಬಂಡೆಯ ಅಡಿಯಲ್ಲಿ ಎರಡು ದೊಡ್ಡ ಗೂಡು. ಅಂದಿನಿಂದ ಯಾವ ಹೊಸ ಜಾಗಕ್ಕೆ ಹೋದರೂ ಮೊದಲು ಊರಿನವರನ್ನು ಕೇಳುತ್ತೇನೆ. ಜೇನೆದ್ದರೆ ಎತ್ತರದಲ್ಲಿರುವವನಿಗೆ ಓಡಲು ದಾರಿಯೇ ಇಲ್ಲ. ಇಳಿಯುವ ದಾರಿಯನ್ನೂ ಹತ್ತುವ ಮೊದಲೇ ನೋಡಿಟ್ಟುಕೊಳ್ಳಿ. ಎಲ್ಲ ಗುಂಡಿಗೂ ಅಜ್ಜ ಹೇಳಿದಂಥ ಹಿಂದಿನ ದಾರಿ ಇರುವುದಿಲ್ಲ.

ಹಕ್ಕಳೆ ಎದ್ದ ಬಂಡೆಯಲ್ಲಿ ಜೋತುಬೀಳುವ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಬಿಟ್ಟುಬಿಡಿ. ಬಂಡೆಗಂಟಿದ ಚಾಕ್ ಉಜ್ಜಿ ತೆಗೆಯಲು ಮೆತ್ತನೆಯ ಬ್ರಷ್ ಇರಲಿ, ತಂತಿ ಬ್ರಷ್ ಬೇಡ. ಗುಡಿ, ಮಂಟಪ, ಕೋಟೆ ಗೋಡೆಗೆ ಕೈ ಹಚ್ಚುವ ಮಾತೇ ಇಲ್ಲ. ಬಂಡೆಯ ಮೇಲೆ ಕೆತ್ತನೆಯೋ ಬರಹವೋ ಇದ್ದರೂ ಅಷ್ಟೇ. ಹತ್ತಲು ಬೇರೆ ಸಾವಿರಾರು ಗುಂಡುಗಳಿವೆ, ಅಲ್ವಾ?

ಹಾಗಾದರೆ ಸಾರ್ಥಕವೇ? ಶನಿವಾರ ಇಳಿದು ಭಾನುವಾರ ರೈಲು ಹತ್ತುವವರಿಗೆ ಇಲ್ಲ. ಮೊದಲ ದಿನ ಬಂಡೆ ಅರ್ಥವಾಗುವುದರಲ್ಲೇ ಹೋಗುತ್ತದೆ. ಎರಡನೇ ದಿನ ಕಾಲನ್ನು ನಂಬಲು ಶುರು ಮಾಡುತ್ತೀರಿ. ಅಷ್ಟರಲ್ಲಿ ಗಂಟು ಕಟ್ಟಬೇಕು. ಕಡಿಮೆ ಅಂದರೆ ನಾಲ್ಕು ದಿನ ಬೇಕು, ನಡುವೆ ಒಂದು ದಿನ ಬೆರಳಿಗೆ ರಜೆ. ಆ ದಿನ ಅಂಜನಾದ್ರಿಯ ಮೆಟ್ಟಿಲು ಹತ್ತಬಹುದು, ಅದಕ್ಕೆ ಬೆರಳು ಬೇಕಿಲ್ಲ. ಅಷ್ಟು ರಜೆ ಸಿಗದವರಿಗೆ ಬೆಂಗಳೂರಿನ ಅಂಚಿನಲ್ಲೇ ತುರಹಳ್ಳಿಯ ಬಂಡೆಗಳಿವೆ. ಅದು ಅರಣ್ಯ ಇಲಾಖೆಯ ಜಾಗ, ಬಿಡುತ್ತಾರಾ ಇಲ್ಲವಾ ಅಂತ ವಿಚಾರಿಸಿಕೊಂಡು ಹೋಗಿ. ತಿಂಗಳಿಗೊಂದು ಬೆಳಿಗ್ಗೆ ಅಲ್ಲಿ ಕಾಲು ಪಳಗಿಸಿಕೊಂಡು, ಡಿಸೆಂಬರ್‌ನಲ್ಲಿ ಹಂಪಿಗೆ ಹೋದರೆ ಮೊದಲ ದಿನ ಉಳಿಯುತ್ತದೆ. ನಾನು ಈಗ ಮಾಡುವುದು ಹಾಗೆಯೇ.