ಪೊದ್ರೀಯ: ನಡುವಿನ ಆ 'ರ್' ನುಂಗಬೇಡಿ

ಒಂದು ದಿನ ನೆಟ್ ಕೈಕೊಟ್ಟು ಸ್ಪ್ಯಾನಿಷ್ ಕ್ಲಾಸ್ ತಪ್ಪಿತು. ಮರುದಿನ ಮೇಷ್ಟ್ರಿಗೆ 'ಅಯೇರ್ ನೊ ಪೊದ್ರೀಯ ಕೊನೆಕ್ತಾರ್ಮೆ' ಅಂತ ಬರೆದೆ. ನಿನ್ನೆ ಸೇರೋಕೆ ಆಗಲಿಲ್ಲ ಅನ್ನೋದು ನನ್ನ ಉದ್ದೇಶ. ಅವರು ವಾಪಸ್ ಕೇಳಿದ್ದು ಒಂದೇ: "ಏನಾಗಿದ್ದರೆ?"

ತಪ್ಪು ಇಂಗ್ಲಿಷಿನದು. ಅಲ್ಲಿನ 'ಕುಡ್' ನಡೆದುಹೋದದ್ದಕ್ಕೂ ಬರುತ್ತದೆ, ಬರೀ ಊಹೆಗೂ ಬರುತ್ತದೆ. ಸ್ಪ್ಯಾನಿಷ್ ಎರಡನ್ನೂ ಬೇರೆ ಇಡುತ್ತದೆ. ನಿನ್ನೆ ಆಗಲಿಲ್ಲ ಅಂದರೆ 'ನೊ ಪುದೆ'. ಆಗೆಲ್ಲ ಆಗ್ತಾ ಇತ್ತು ಅಂದರೆ 'ಪೊದೀಯ'. 'ಪೊದ್ರೀಯ' ಊಹೆಗೆ, ಸಾಧ್ಯತೆಗೆ, ವಿನಯಕ್ಕೆ. ಪೊದೀಯ, ಪೊದ್ರೀಯ: ನಡುವೆ ಇರುವುದು ಒಂದು 'ರ್' ಮಾತ್ರ. ಬಾಯಿಬಿಟ್ಟು ಹತ್ತು ಸಲ ಹೇಳಿ, ಸುಮ್ನೆ ಓದಿದರೆ ಕಿವಿಗೆ ಹತ್ತುವುದಿಲ್ಲ.

ರೂಪ ಕಟ್ಟುವುದು ಸುಲಭ. 'ಅಬ್ಲಾರ್' (ಮಾತಾಡು) ತರಹದ ಮಾಮೂಲಿ ಕ್ರಿಯಾಪದವಾದರೆ ಇಡೀ ಪದಕ್ಕೇ 'ಈಯ' ಅಂಟಿಸಿದರಾಯಿತು: ಅಬ್ಲರೀಯ. ನಮ್ಮ 'ಪೊದೇರ್' (ಆಗು, ಸಾಧ್ಯವಾಗು) ಹಾಗಲ್ಲ, ನಡುವಿನ 'ಎ' ಬಿಟ್ಟು 'ಪೊದ್ರ್' ಆಗುತ್ತದೆ. ನಾನು ಪೊದ್ರೀಯ, ನೀನು ಪೊದ್ರೀಯಸ್, ಅವನು ಅಥವಾ ಅವಳು ಪೊದ್ರೀಯ, ನಾವು ಪೊದ್ರೀಯಮೊಸ್, ಅವರು ಪೊದ್ರೀಯನ್. ಸ್ಪೇನಿನಲ್ಲಿ ಗೆಳೆಯರ ಗುಂಪಿಗೆ ಪೊದ್ರೀಯೈಸ್, ಲ್ಯಾಟಿನ್ ಅಮೆರಿಕದಲ್ಲಿ ಅದರ ಬದಲು ಪೊದ್ರೀಯನ್. ಬರೆಯುವಾಗ ಆರೂ ಕಡೆ 'ಈ' ಮೇಲೆ ಗೆರೆ (í) ಬೇಕೇ ಬೇಕು. ಭವಿಷ್ಯತ್ ಕಾಲದ 'ಪೊದ್ರೆ' ಗೊತ್ತಿದ್ದರೆ ಬುಡ ಅದೇ, ಹೊಸದಾಗಿ ಕಲಿಯುವುದೇನಿಲ್ಲ. (ಮೆಕ್ಸಿಕೋದ ಪಟ್ಟಿಗಳಲ್ಲಿ ಈ 'ಈಯ' ರೂಪಕ್ಕೆ 'ಪೊಸ್ಪ್ರೆತೇರಿತೊ' ಅಂತ ಹೆಸರು. ಗಾಬರಿ ಬೇಡ, ಇದೇ ಅದು.)

ಬಳಕೆಗೆ ಬಂದರೆ ಕನ್ನಡದವರಿಗೆ ಅನುಕೂಲ ಜಾಸ್ತಿ. ನೀನು, ನೀವು ನಮಗೆ ರೂಢಿ ತಾನೇ? ಗೆಳೆಯನಿಗೆ 'ಪೊದ್ರೀಯಸ್ ಅಯುದಾರ್ಮೆ?', ಸ್ವಲ್ಪ ಸಹಾಯ ಮಾಡ್ತೀಯಾ? ಅಪರಿಚಿತರಿಗೆ 'ಪೊದ್ರೀಯ ರೆಪೆತೀರ್ಲೊ?', ಇನ್ನೊಂದು ಸಲ ಹೇಳ್ತೀರಾ? 'ಉಸ್ತೆದ್' ಅಂದರೆ 'ನೀವು' ಆದರೂ ಕ್ರಿಯಾಪದ 'ಅವನು' ರೂಪದಲ್ಲೇ ಬರುತ್ತದೆ, ಅಲ್ಲಿ ಎಡವಬೇಡಿ. ಅರ್ಜೆಂಟೀನಾದವರು 'ನೀನು' ಅನ್ನಲು ಬಳಸುವ 'ಬೊಸ್' ಜೊತೆಗೂ 'ಪೊದ್ರೀಯಸ್' ನಡೆಯುತ್ತದೆ.

ಸಾಧ್ಯತೆಯ ವಿಷಯದಲ್ಲಂತೂ ಕನ್ನಡ ಕೈ ಹಿಡಿದು ನಡೆಸುತ್ತದೆ. 'ಪ್ವೇದೆ ಯೊಬೇರ್' ಅಂದರೆ ಮಳೆ ಬರಬಹುದು. 'ಪೊದ್ರೀಯ ಯೊಬೇರ್' ಅಂದರೆ ಮಳೆ ಬಂದರೂ ಬರಬಹುದು. ಆ 'ಬಂದರೂ' ಎಷ್ಟು ಅನುಮಾನ ಸೇರಿಸುತ್ತದೋ 'ಪೊದ್ರೀಯ'ವೂ ಹೆಚ್ಚುಕಡಿಮೆ ಅಷ್ಟೇ ಸೇರಿಸುತ್ತದೆ.

'ಇದ್ದರೆ' ವಾಕ್ಯದಲ್ಲಿ ಮಾತ್ರ ಹುಷಾರು. 'ಸಿ ತುಬಿಯೇರ ತಿಯೇಂಪೊ, ಪೊದ್ರೀಯ ಇರ್': ಈಗ ಟೈಮ್ ಇದ್ದಿದ್ದರೆ ಹೋಗಬಹುದಿತ್ತು. ಷರತ್ತಿನ 'ಸಿ' ಪಕ್ಕದಲ್ಲಿ ಈ 'ಈಯ' ರೂಪ ಕೂರುವುದಿಲ್ಲ, ಅದು ಇನ್ನೊಂದು ಅರ್ಧಕ್ಕೆ ಸೇರಿದ್ದು. ಸ್ಪೇನಿನ ಉತ್ತರದಲ್ಲಿ, ಬಾಸ್ಕ್ ಸೀಮೆಯ ಕಡೆ, ಮಾತಿನಲ್ಲಿ 'ಸಿ ತುಬಿಯೇರ' ಬದಲು 'ಸಿ ತೆಂದ್ರೀಯ' ಕೇಳಿಸುತ್ತದೆ. ಅದನ್ನು ಕೇಳಿ ಆನಂದಿಸಿ, ಪರೀಕ್ಷೆಯಲ್ಲಿ ಬರೆಯಬೇಡಿ.

ಕೊನೆಯದು ಆಕ್ಷೇಪಣೆ. ಪೊದ್ರೀಯಸ್ ಮುಂದೆ 'ಅಬೇರ್', ಆಮೇಲೆ 'ಅಬಿಸಾದೊ' (ತಿಳಿಸಿದ) ತರಹದ ರೂಪ ಹಾಕಿದರೆ ನಮ್ಮ 'ಬಹುದಿತ್ತು' ಸಿದ್ಧ. ನಾನಿದನ್ನು ಕಲಿತದ್ದು ಮೇಷ್ಟ್ರ ಅದೇ ಉತ್ತರದ ಎರಡನೇ ಸಾಲಿನಿಂದ: 'ಪೊದ್ರೀಯಸ್ ಅಬೇರ್ಮೆ ಅಬಿಸಾದೊ'. ನನಗೊಂದು ಮಾತು ತಿಳಿಸಬಹುದಿತ್ತು.